ಹಡಗಿನಲ್ಲಿ ಮೇಲಿನ ಪಂಕ್ತಿ

ಇಬ್ಬರಿಗೆ ಇಪ್ಪತ್ತೆರಡು ಸಾವಿರ ರೂಪಾಯಿ. ಇದು ಹಡಗಿನ ಟಿಕೆಟ್ಟಿನ ದುಡ್ಡಲ್ಲ, ಅದು ಬೇರೆ. ಟಿಕೆಟ್ಟಿನ ಮೇಲೆ, ಮೂರು ರಾತ್ರಿಯ ಮಟ್ಟಿಗೆ, 'ಪ್ರಯಾರಿಟಿ' ಪ್ರಯಾಣಿಕ ಅನ್ನಿಸಿಕೊಳ್ಳುವುದಕ್ಕೆ ನಾನು ತೆತ್ತದ್ದು. ಏಜೆಂಟ್ ಇಪ್ಪತ್ತೆಂಟು ಹೇಳಿದ್ದ. ಎರಡು ದಿನ ಫೋನಿನಲ್ಲಿ ಸತಾಯಿಸಿ, ಮೂರನೆಯ ದಿನ ಅವನ ಫೋನನ್ನೇ ಎತ್ತದೆ, ನಾಲ್ಕನೆಯ ದಿನ ಇಪ್ಪತ್ತೆರಡಕ್ಕೆ ಇಳಿಸಿದೆ. ಅಷ್ಟಕ್ಕೆ ಸಿಗುವುದೇನು ಎಂದರೆ, ಹಡಗು ಹತ್ತುವಾಗ ಬೇರೆ ಸಾಲು, ಇಳಿಯುವಾಗ ಬೇರೆ ಸಾಲು, ಮತ್ತು ಹನ್ನೊಂದನೆಯ ಅಂತಸ್ತಿನಲ್ಲಿ ದುಡ್ಡು ಕೊಟ್ಟವರಿಗೆ ಮಾತ್ರ ಬಾಗಿಲು ತೆರೆಯುವ ಒಂದು ಊಟದ ಮನೆ. ಯಾಕೆ ಕೊಟ್ಟೆ ಎಂದು ಕೇಳಿದರೆ ನಿಜ ಹೇಳಿಬಿಡುತ್ತೇನೆ. ಆರು ಸಾವಿರ ಉಳಿಯಿತಲ್ಲ ಎಂಬ ಖುಷಿಗೆ ಕೊಟ್ಟೆ. ಇಪ್ಪತ್ತೆರಡು ಹೋಯಿತು ಎಂಬುದು ಆಮೇಲೆ ಹೊಳೆಯಿತು.

ಗಾಂಧಿ ಬಜಾರಿನಲ್ಲಿ ಮೂವತ್ತು ವರ್ಷದಿಂದ ಸ್ಟೀಲ್ ಪಾತ್ರೆ ಅಂಗಡಿ ನಡೆಸುತ್ತಿರುವವನಿಗೆ ಹೀಗಾಗಬಾರದಿತ್ತು. ಯಾಕೆಂದರೆ ಈ ಆಟವನ್ನು ನಾನೇ ದಿನಾ ಆಡುತ್ತೇನೆ. ನನ್ನ ಅಂಗಡಿಯ ಮೇಲಿನ ಹಲಗೆಯಲ್ಲಿ ಒಂದು ಕಡಾಯಿ ಇದೆ. ಗಾಜಿನ ಮುಚ್ಚಳ, ಬಣ್ಣದ ಡಬ್ಬ, ವಿಪರೀತ ಬೆಲೆ. ಅದನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳಲಿ ಎಂದು ನಾನು ಇಟ್ಟೂ ಇಲ್ಲ. ಅದನ್ನು ನೋಡಿದ ಮೇಲೆ ಕೆಳಗಿನ ಹಲಗೆಯ ಕಡಾಯಿ ಅಗ್ಗ ಅನ್ನಿಸಬೇಕು, ಅಷ್ಟೆ. ಏಜೆಂಟನೂ ನನಗೆ ಮೊದಲು ಬಾಲ್ಕನಿ, ಬಟ್ಲರ್ ಎಲ್ಲ ಇರುವ ಒಂದು ಕೋಣೆಯ ಬೆಲೆ ಹೇಳಿ ಎದೆ ನಡುಗಿಸಿ, ಆಮೇಲೆ ಮೆಲ್ಲಗೆ ಪ್ರಯಾರಿಟಿಯ ಮಾತೆತ್ತಿದ್ದ. ವೈದ್ಯರು ತಮ್ಮ ಮಾತ್ರೆಗೆ ತಾವೇ ಮೋಸಹೋದ ಹಾಗೆ ನಾನು ನನ್ನ ಕಡಾಯಿಗೆ ಮೋಸಹೋದೆ.

ಹಡಗಿಗೆ ಹೊರಟವರು ನಾವು ನಾಲ್ಕು ಜನ. ನಾನು, ನನ್ನ ಹೆಂಡತಿ ಸುಮ, ಭದ್ರಾವತಿಯ ನಮ್ಮಕ್ಕ, ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಭಾವ. ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಅಂಗಡಿ ಆಗುವ ಮುಂಚೆ ನಾಲ್ಕು ವರ್ಷ ನಾನು ಅವಳ ಕ್ವಾರ್ಟರ್ಸಿನಲ್ಲಿದ್ದೆ. ಗೋಣಿಚೀಲದಲ್ಲಿ ಲೋಟ, ತಟ್ಟೆ ತುಂಬಿಕೊಂಡು ಕ್ವಾರ್ಟರ್ಸಿನ ಬೀದಿ ಬೀದಿ ಮಾರುತ್ತಿದ್ದೆ. ಚೌಕಾಸಿ ಕಲಿತದ್ದು ಅಲ್ಲಿನ ತಮಿಳು, ತೆಲುಗು ಹೆಂಗಸರಿಂದ. ಮಧ್ಯಾಹ್ನ ಮೂರಾಗಲಿ ನಾಲ್ಕಾಗಲಿ, ನಾನು ಬಂದ ಮೇಲೆ ಅಕ್ಕ ಬಡಿಸುತ್ತಿದ್ದಳು, ನಾನು ಉಂಡ ಮೇಲೆ ತಾನು ಉಣ್ಣುತ್ತಿದ್ದಳು. ಆಮೇಲೂ ಅಷ್ಟೆ. ರಾಗಿಗುಡ್ಡದಲ್ಲಿ ನಾನು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನವೂ ಅವಳು ಸೆರಗು ಸಿಕ್ಕಿಸಿಕೊಂಡು ಪಾಯಸದ ಪಾತ್ರೆ ಹಿಡಿದಿದ್ದವಳೇ. ಅಡುಗೆಯವರಿದ್ದರು, ಬಡಿಸುವವರಿದ್ದರು, ಆದರೂ. ಅವಳ ಜೊತೆ ಒಂದೇ ಸಾಲಿನಲ್ಲಿ ಕೂತು ನಾನು ಉಂಡ ನೆನಪೇ ಇಲ್ಲ.

ಹಡಗಿನ ಪ್ರಸ್ತಾಪ ಮಾಡಿದಾಗ ಭಾವ ನೂರು ಪ್ರಶ್ನೆ ಕೇಳಿದರು. ಎಂಜಿನ್ ಎಷ್ಟು, ಉಕ್ಕು ಎಷ್ಟು ದಪ್ಪ, ಮುಳುಗಿದರೆ ದೋಣಿ ಎಷ್ಟು. ಅಕ್ಕ ಒಂದೇ ಕೇಳಿದಳು.

"ಅಲ್ಲಿ ಬಡಿಸೋರು ಬೇರೆ ಇರ್ತಾರಂತಲ್ಲ, ಹೌದೇನೋ?"

"ಹೌದು ಅಕ್ಕ. ನೀನು ಸೌಟು ಮುಟ್ಟೋ ಹಾಗೇ ಇಲ್ಲ."

"ಹಾಗಾದ್ರೆ ನಾಲ್ಕೂ ಜನ ಒಟ್ಟಿಗೆ ಕೂತ್ಕೊಂಡು ಉಣ್ಬೋದು, ಅಲ್ವಾ?"

ಅವಳಿಗೆ ಸಮುದ್ರ ಬೇಕಿರಲಿಲ್ಲ ಎಂದಲ್ಲ. ಆದರೆ ಅವಳು ಕೇಳಿದ್ದು ಒಟ್ಟಿಗೆ ಕೂತು ಉಣ್ಣುವುದನ್ನು.

ಪ್ರಯಾರಿಟಿಯ ವ್ಯವಹಾರ ಕುದುರಿದ ದಿನ ಅಂಗಡಿಯಿಂದಲೇ ಅವಳಿಗೆ ಫೋನ್ ಮಾಡಿದೆ. "ಅಕ್ಕ, ಹತ್ತೋಕೆ ಬೇರೆ ಸಾಲು, ಊಟಾನೂ ಸ್ಪೆಷಲ್ಲಂತೆ. ಒಬ್ಬೊಬ್ಬರಿಗೆ ಹನ್ನೊಂದು ಸಾವಿರ ಜಾಸ್ತಿ. ನಿಮಗೂ ಮಾಡಿಸ್ಲಾ?"

"ಹನ್ನೊಂದು ಸಾವಿರಾನಾ? ಬೇಡ ಕಣೋ. ನೀನು ಕರ್ಕೊಂಡು ಹೋಗ್ತಿರೋದೇ ಹೆಚ್ಚು."

ಹಿಂದಿನಿಂದ ಭಾವನ ದನಿ ಕೇಳಿಸಿತು. "ಸಾಲಲ್ಲಿ ನಿಂತ್ರೆ ಹಡಗೇನು ನಮ್ಮನ್ನ ಬಿಟ್ಟು ಹೋಗುತ್ತಾ ಮಾರಾಯ?"

"ಸರಿ ಅಕ್ಕ" ಎಂದು ಫೋನ್ ಇಟ್ಟೆ. ಅರ್ಧ ನಿಮಿಷದ ಮಾತು. ಊಟದ ಮನೆಯೇ ಬೇರೆ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಮೆಲ್ಲಗೆ ಹೇಳಿರಬೇಕು.

ನಮ್ಮೂರ ಸೋಗಾನೆ ನಿಲ್ದಾಣದಲ್ಲಿ ಒಂದು ವಿಮಾನ, ಬೆಂಗಳೂರಿನಲ್ಲಿ ಇನ್ನೊಂದು. ಮುಂಬಯಿಯ ಬಂದರಿಗೆ ಬರುವವರೆಗೆ ನಾಲ್ವರೂ ಒಟ್ಟಿಗೇ ಇದ್ದೆವು. ಅಲ್ಲಿ ಕೆಂಪು ಹಗ್ಗವೊಂದು ನಮ್ಮನ್ನು ಎರಡು ಮಾಡಿತು. ನಮ್ಮ ಸಾಲಿನಲ್ಲಿ ಒಂಬತ್ತು ಜನ. ಅವರ ಸಾಲು ಕಣ್ಣಿಗೆ ಕಾಣುವಷ್ಟು ದೂರ ಹೋಗಿ ಅಲ್ಲಿಂದ ತಿರುಗಿ ಬಂದಿತ್ತು. ಅಕ್ಕ ಕೈ ಬೀಸಿ 'ಹೋಗು ಹೋಗು' ಎಂದಳು. ಹೋದೆ. ಹತ್ತು ನಿಮಿಷದಲ್ಲಿ ಹಡಗಿನ ಒಳಗಿದ್ದೆ. ಕೋಣೆ ಇನ್ನೂ ಗುಡಿಸುತ್ತಿದ್ದಾರೆ, ಎರಡು ಗಂಟೆಯ ತನಕ ಕಾಯಿರಿ ಎಂದರು. ಮೊದಲು ಹತ್ತಿದವನಿಗೆ ಸಿಗುವ ಸೌಲಭ್ಯವೆಂದರೆ ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯುವುದು ಎಂದು ಅಲ್ಲಿನ ಸೋಫಾದ ಮೇಲೆ ಕೂತು ಕಂಡುಕೊಂಡೆ. ಒಂದೂವರೆ ಗಂಟೆಯ ಮೇಲೆ ಅಕ್ಕ ಭಾವ ಬಂದರು. ಸಾಲಿನಲ್ಲಿ ಹುಬ್ಬಳ್ಳಿಯದೊಂದು ಸಂಸಾರ ಪರಿಚಯವಾಗಿ, ಅವರ ಚಕ್ಕುಲಿ ತಿಂದು, ಇವರ ಕೋಡುಬಳೆ ಕೊಟ್ಟು, ನಗುತ್ತಾ ಬಂದರು. ಅದೇ ಹೊತ್ತಿಗೆ ನಾಲ್ವರ ಕೋಣೆಗಳೂ ಒಟ್ಟಿಗೇ ತಯಾರಾದವು.

ನಮ್ಮ ಹಿರಿಯರು ಪಂಕ್ತಿಭೇದ ಮಹಾಪಾಪ ಎನ್ನುತ್ತಿದ್ದರು. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬನ ಎಲೆಗೆ ತುಪ್ಪ ಬಿದ್ದು ಪಕ್ಕದವನಿಗೆ ಬೀಳದಿದ್ದರೆ ಬಡಿಸಿದವನ ಜನ್ಮ ಜಾಲಾಡುತ್ತಿದ್ದರು. ಹಡಗಿನವರು ಇದಕ್ಕೆ ಒಳ್ಳೆಯ ಉಪಾಯ ಕಂಡುಹಿಡಿದಿದ್ದಾರೆ. ತುಪ್ಪದವರನ್ನು ಹನ್ನೊಂದನೆಯ ಅಂತಸ್ತಿಗೆ ಹತ್ತಿಸಿ, ಉಳಿದವರನ್ನು ಐದನೆಯದರಲ್ಲಿ ಕೂರಿಸಿಬಿಟ್ಟರೆ ಪಂಕ್ತಿಯೇ ಬೇರೆಯಾಯಿತು. ಭೇದ ಎಲ್ಲಿಂದ ಬಂತು?

ಆ ರಾತ್ರಿ ಮೇಲಿನ ಊಟದ ಮನೆಗೆ ಹೋದೆವು. ತಟ್ಟೆ ನೋಡಿದ ಕೂಡಲೆ ಅಳತೆ ಗೊತ್ತಾಯಿತು, ಹನ್ನೆರಡು ಇಂಚು. ಅದರ ನಡುವೆ ಅಡಿಕೆಯಷ್ಟು ಗಾತ್ರದ ಏನೋ ಒಂದು, ಅದರ ಮೇಲೆ ಸೋಪಿನ ನೊರೆಯಂಥದ್ದು. ಅಣಬೆಯ ನೊರೆಯಂತೆ. ಪಕ್ಕದಲ್ಲಿ ಬಡಿಸುವವರೊಬ್ಬರು ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದರು. ಯಾರೂ ಮಾತಾಡುತ್ತಿರಲಿಲ್ಲ. ಸುಮ ನನ್ನ ಕಡೆ ಬಾಗಿ, "ರೀ, ಇಷ್ಟು ಸುಮ್ಮನಿರೋಕೆ ನಾವು ದುಡ್ಡು ಕೊಟ್ವಾ?" ಎಂದಳು. ಏಳು ಸಲ ತಟ್ಟೆ ಬದಲಾಯಿಸಿದರು. ಏಳನ್ನೂ ಎಣಿಸಿ, ತೃಪ್ತಿಪಟ್ಟು, ಹಸಿದುಕೊಂಡೇ ಎದ್ದೆ.

ಮರುದಿನ ಬೆಳಿಗ್ಗೆ ಡೆಕ್ಕಿನ ಮೇಲೆ ಭಾವ ಸಿಕ್ಕರು. ಸಮುದ್ರ ನೋಡುತ್ತಾ, ನನ್ನ ಮುಖ ನೋಡದೆ ಹೇಳಿದರು. "ನಿನ್ನೆ ನಿಮ್ಮಕ್ಕ ಎರಡು ಕುರ್ಚಿ ಹಿಡ್ಕೊಂಡು ಕೂತಿದ್ಲು ಮಾರಾಯ. ಒಂದರ ಮೇಲೆ ಅವಳ ಬ್ಯಾಗು, ಒಂದರ ಮೇಲೆ ನನ್ನ ಸ್ವೆಟರು. ಯಾರು ಕೇಳಿದ್ರೂ ತಮ್ಮ ಬರ್ತಾನೆ ಅಂತಾಳೆ. ಅವರದು ಮೇಲೆ ಕಣೇ ಅಂದ್ರೆ, ಸ್ಪೆಷಲ್ ಆದ್ರೇನು, ಉಣ್ಣೋಕೆ ಇಲ್ಲಿಗೇ ಬರ್ತಾನೆ ಅಂತಾಳೆ. ಒಂಬತ್ತೂವರೆಗೆ ಎದ್ವಿ."

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪ್ರಯಾರಿಟಿಯವರು ಕೆಳಗೆ ಉಣ್ಣಬಾರದೆಂಬ ನಿಯಮವೇನೂ ಇರಲಿಲ್ಲ. ನಾನು ಎಲ್ಲಿ ಬೇಕಾದರೂ ಉಣ್ಣಬಹುದಿತ್ತು. ಆದರೆ ಕೊಟ್ಟ ದುಡ್ಡು ವಸೂಲಾಗಬೇಕಲ್ಲ. ಕೆಳಗೆ ಉಂಡ ಒಂದೊಂದು ಊಟವೂ ಮೇಲಿನ ಲೆಕ್ಕದಲ್ಲಿ ನಷ್ಟ. ಅಕ್ಕನಿಗೆ, "ಇವತ್ತು ಮೇಲೆ ಏನೋ ವಿಶೇಷ ಇದೆಯಂತೆ, ನಾಳೆ ಬರ್ತೀನಿ" ಎಂದೆ. "ಸರಿ ಕಣೋ, ನೀನು ಅದನ್ನ ಬಿಡಬೇಡ" ಎಂದಳು. ಅವಳಿಗೆ ನನ್ನ ಇಪ್ಪತ್ತೆರಡು ಸಾವಿರದ ಮೇಲೆ ನನಗಿಂತ ಹೆಚ್ಚು ಕಾಳಜಿ.

ಎರಡನೆಯ ರಾತ್ರಿಯ ನೊರೆ ಬೀಟ್‌ರೂಟಿನದು. ಅದನ್ನು ಚಮಚದ ತುದಿಯಲ್ಲಿ ಕೆದಕುತ್ತಾ ಸುಮ ತಣ್ಣಗೆ ಹೇಳಿದಳು.

"ಅಂಗಡೀಲಿ ಗಿರಾಕಿ ಬೇಡ ಅಂತ ಎದ್ದು ಹೋದ್ರೆ, ಬಜಾರಿನ ಅರ್ಧ ದಾರಿ ತನಕ ಹಿಂದೆ ಹೋಗಿ ಕರ್ಕೊಂಡು ಬರ್ತೀರ. ಅತ್ತಿಗೆ ಬೇಡ ಅಂದಾಗ ಮಾತ್ರ ಒಂದೇ ಸಲಕ್ಕೆ ಹೆಂಗೆ ನಂಬಿಬಿಟ್ರಿ?"

ಉತ್ತರ ನನಗೆ ಗೊತ್ತಿತ್ತು. ನಮ್ಮ ಕಡೆ ಮೊದಲ 'ಬೇಡ'ಕ್ಕೆ ಯಾವ ಬೆಲೆಯೂ ಇಲ್ಲ. ಎಲೆಯ ಮೇಲೆ ಅಡ್ಡ ಕೈ ಹಿಡಿದು ಸಾಕು ಸಾಕು ಎನ್ನುವವನ ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸುವ ಜನ ನಾವು. ಮೊದಲ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯದನ್ನು ಬೇಕಾದರೆ ಸ್ವಲ್ಪ ನಂಬಬಹುದು. ಒಂದೇ ಸಲ ಕೇಳಿ ಬಿಟ್ಟರೆ ಅದನ್ನು ಕೇಳಿದ್ದು ಎನ್ನುವುದೇ ಇಲ್ಲ. ಮೂವತ್ತು ವರ್ಷ ಊರಿನವರ ಬೇಡವನ್ನೆಲ್ಲ ಬೇಕು ಮಾಡಿಯೇ ನಾನು ಮನೆ ಕಟ್ಟಿಸಿದ್ದು. ಅಕ್ಕನ ಬೇಡ ಒಂದನ್ನು ಮಾತ್ರ ಹಾಗೇ ಒಪ್ಪಿಕೊಂಡೆ, ಏಕೆಂದರೆ ಆ ಸಲ ಒಪ್ಪಿಕೊಳ್ಳುವುದರಲ್ಲಿ ನನಗೆ ಲಾಭವಿತ್ತು. ಅದೂ ಬೆಲೆ ಮೊದಲು ಹೇಳಿ, ಆಮೇಲೆ ಬೇಕಾ ಎಂದು ಕೇಳಿದ್ದೆ. ಹಾಗೆ ಕೇಳಿದರೆ ಗಿರಾಕಿ ಎದ್ದು ಹೋಗುತ್ತಾನೆಂದು ಅಂಗಡಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವವನು ನಾನು.

ಮೂರನೆಯ ದಿನ ಬೆಳಿಗ್ಗೆಯೇ ಕೌಂಟರಿಗೆ ಹೋಗಿ, ಇನ್ನಿಬ್ಬರಿಗೆ ಒಂದು ರಾತ್ರಿಯ ಮೇಲಿನ ಊಟ ಬೇಕು ಎಂದೆ. ಅಲ್ಲಿದ್ದ ಹೆಣ್ಣುಮಗಳು ಬೆಲೆ ಹೇಳಿದರು. ಜನ್ಮದಲ್ಲಿ ಮೊದಲ ಸಲ ಹೇಳಿದಷ್ಟಕ್ಕೆ ಹೂಂ ಎಂದೆ. ಓಡಿಕೊಂಡು ಅಕ್ಕನ ಹತ್ತಿರ ಬಂದು ವಿಷಯ ಹೇಳಿದೆ.

"ಬೇಡ ಕಣೋ" ಎಂದಳು.

"ಹಾಗನ್ಬೇಡ ಅಕ್ಕ, ನಾಲ್ಕೂ ಜನ ಒಟ್ಟಿಗೆ ಉಣ್ಣೋಣ."

"ಬೇಡ ಚಂದ್ರು. ಇಲ್ಲೇ ಅಭ್ಯಾಸ ಆಗಿದೆ."

"ಅಕ್ಕ, ದುಡ್ಡಿನ ಯೋಚನೆ ಮಾಡಬೇಡ."

"ದುಡ್ಡಿನ ಮಾತಲ್ಲವೋ. ಹುಬ್ಬಳ್ಳಿಯವರು ಕಾಯ್ತಿರ್ತಾರೆ. ಕೊನೇ ದಿನ ಅಂತ ಅವರ ಮೊಮ್ಮಗಳು ಹಾಡ್ತಾಳಂತೆ. ಮಗೂಗೆ ಬೇಜಾರಾಗುತ್ತೆ."

ಇದು ಮೂರನೆಯ ಬೇಡ, ನಿಜವಾದದ್ದು. ನನಗೆ ಇಂಥದ್ದು ಗೊತ್ತಾಗುತ್ತದೆ, ಕಸುಬು ಅದೇ ಅಲ್ಲವೆ. "ಹಾಗಾದ್ರೆ ನಾವೇ ಕೆಳಗೆ ಬರ್ತೀವಿ" ಎಂದೆ. ಅವಳ ಮುಖ ಅರಳಿತು.

ಬಂದೆವು. ಅದು ಎಂಟು ಜನರ ಮೇಜು. ಅಕ್ಕ, ಭಾವ, ಹುಬ್ಬಳ್ಳಿಯವರು ಆರು ಜನ. ಹಿಂದಿನ ದಿನದಿಂದ ಒಟ್ಟಿಗೆ ಉಂಡು ಅವರವರ ಜಾಗ ಗೊತ್ತಾಗಿಹೋಗಿತ್ತು. ಹುಬ್ಬಳ್ಳಿಯ ಯಜಮಾನರು ಅರ್ಧ ಎದ್ದು, "ಬರ್ರಿ, ಬರ್ರಿ, ಕೂಡ್ರಿ" ಎಂದರು. ಎಲ್ಲಿ ಕೂರುವುದು? ಕುರ್ಚಿ ಎಳೆದು ಹಾಕಲು ದಾರಿ ಮುಚ್ಚುತ್ತದೆಂದು ಹಡಗಿನವರು ಬಿಡಲಿಲ್ಲ. ಕೊನೆಗೆ ಹಿಂದಿನ ಮೇಜಿನಲ್ಲಿ ಎರಡು ಜಾಗ ಸಿಕ್ಕಿತು. ಅಕ್ಕನಿಗೆ ನನ್ನ ಬೆನ್ನು, ನನಗೆ ಅವಳ ಬೆನ್ನು.

ಕೂತು ಐದು ನಿಮಿಷವಾಗಿರಬೇಕು, ಪಕ್ಕದಲ್ಲಿ ಬಳೆಯ ಸದ್ದಾಯಿತು. ಅಕ್ಕ ನಿಂತಿದ್ದಳು. ಕೈಯಲ್ಲಿ ಮೊಸರನ್ನದ ಬಟ್ಟಲು, ಅಂಚಿನಲ್ಲಿ ನಿಂಬೆ ಉಪ್ಪಿನಕಾಯಿ. ಬಡಿಸುವವರಲ್ಲಿ ಸೇಲಂ ಕಡೆಯವರೊಬ್ಬರನ್ನು ಹುಡುಕಿ, ಕ್ವಾರ್ಟರ್ಸಿನಲ್ಲಿ ಕಲಿತ ತಮಿಳಿನಲ್ಲಿ ಮಾತಾಡಿಸಿ, ದಿನಾ ಮಾಡಿಸಿಕೊಳ್ಳುತ್ತಿದ್ದಳಂತೆ. "ಎರಡು ದಿನದಿಂದ ಏನು ತಿಂದಿದೀಯೋ ಏನೋ, ಮುಖ ಬಾಡಿದೆ. ಉಣ್ಣು" ಎಂದು ನನ್ನ ತಟ್ಟೆಗೆ ಸುರಿದಳು. ಸುಮನಿಗೂ ಹಾಕಿದಳು. "ನೀನು ಹೋಗಿ ಕೂತ್ಕೋ ಅಕ್ಕ, ನಿನ್ನ ಊಟ ಆರುತ್ತೆ" ಎಂದೆ. "ಆಯ್ತು, ನೀನು ಉಣ್ಣು ಮೊದ್ಲು" ಎಂದು ನಿಂತೇ ಇದ್ದಳು. ಸಮುದ್ರದ ನಡುವೆ, ಬಡಿಸುವವರು ನೂರು ಜನ ಇರುವ ಜಾಗದಲ್ಲಿ, ನಮ್ಮಕ್ಕ ನನಗೆ ಬಡಿಸಿ, ನಾನು ಉಣ್ಣುವುದನ್ನು ನಿಂತು ನೋಡಿದಳು. ಅನ್ನ ರುಚಿಯಾಗಿತ್ತು. ತಟ್ಟೆ ಖಾಲಿಯಾಗುವವರೆಗೂ ತಲೆ ಎತ್ತದೆ ಉಂಡೆ.

ಬಂದ ಮೇಲೆ ಭದ್ರಾವತಿಗೆ ಹೋದಾಗಲೆಲ್ಲ, ಮತ್ತೊಂದು ಸಲ ಹೋಗೋಣ ಎನ್ನುತ್ತೇನೆ. ಭಾವನಿಗೆ ಈಗ ಮಂಡಿ ಮಡಚಲು ಬರುವುದಿಲ್ಲ. ಅಕ್ಕ, "ಒಂದ್ಸಲ ನೋಡಾಯ್ತಲ್ಲ, ಎಷ್ಟು ಚೆನ್ನಾಗಿತ್ತು" ಎನ್ನುತ್ತಾಳೆ. ಮಾತಿನಲ್ಲಿ ಕೊಂಕಿಲ್ಲ. ಇದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅವಳ ಮನೆಯಲ್ಲಿ ಈಗ ನಾನು ಹಟ ಮಾಡಿ ಅವಳ ತಟ್ಟೆಯನ್ನೂ ತಂದಿಡುತ್ತೇನೆ. ಅವಳು ಕೂರುತ್ತಾಳೆ. ಎರಡು ತುತ್ತಿಗೆ ಒಲೆಯ ಮೇಲಿನ ಸಾರು ನೆನಪಾಗಿ ಎದ್ದು ಹೋಗುತ್ತಾಳೆ.

ಈಗ ನೀವು ಕೇಳುತ್ತೀರಿ, ಪ್ರಯಾರಿಟಿಗೆ ದುಡ್ಡು ಕೊಡಬೇಕೋ ಬೇಡವೋ ಎಂದು. ಕೇಳದಿದ್ದರೂ ಹೇಳುತ್ತೇನೆ, ನನ್ನ ಸ್ವಭಾವ. ಮಂಡಿನೋವಿದ್ದವರು, ಬಹಳ ಹೊತ್ತು ನಿಲ್ಲಲಾರದವರು ಜೊತೆಗಿದ್ದರೆ ಬೇರೆ ಸಾಲಿಗೆ ಧಾರಾಳವಾಗಿ ಕೊಡಿ, ಅದು ದಂಡವಲ್ಲ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೂರು ರಾತ್ರಿ ಸುಮ್ಮನೆ ಕೂರುವ ಧೈರ್ಯವಿದ್ದರೆ, ಮೇಲಿನ ಊಟಕ್ಕೂ ಕೊಡಿ. ಆದರೆ ಮೊದಲೇ ಕೊಡಬೇಡಿ. ಹಡಗು ಹತ್ತಿ, ಬಾಗಿಲಲ್ಲಿ ನಿಂತು, ಅಲ್ಲಿ ಉಣ್ಣುತ್ತಿರುವವರ ಮುಖ ನೋಡಿ ಆಮೇಲೆ ತೀರ್ಮಾನಿಸಿ. ಮನೆಯವರ ಜೊತೆ ಹೊರಟಿದ್ದರೆ ಎಲ್ಲರಿಗೂ ಕೊಳ್ಳಿ, ಇಲ್ಲವೇ ಯಾರಿಗೂ ಬೇಡ. ಎಲ್ಲರಿಗೂ ಕೊಳ್ಳುವುದಾದರೆ ಫೋನ್ ಮಾಡಿ ಕೇಳಲು ಹೋಗಬೇಡಿ. ಕೇಳಲೇಬೇಕಾದರೆ ಬೆಲೆ ಹೇಳದೆ ಕೇಳಿ, ಮೂರು ಸಲ ಕೇಳಿ. ಇಷ್ಟಾಗಿಯೂ ನನ್ನ ಹಾಗೆ ಎಡವಿ ಮೇಲಿನ ಊಟದ ಮನೆಯಲ್ಲಿ ಕೂತುಬಿಟ್ಟಿದ್ದರೆ, ವಸೂಲಿಯ ಯೋಚನೆ ಬಿಟ್ಟು ಮೊದಲ ರಾತ್ರಿಯೇ ಕೆಳಗಿಳಿದು ಹೋಗಿ. ಮೂರನೆಯ ರಾತ್ರಿಯ ಹೊತ್ತಿಗೆ ಕುರ್ಚಿ ತುಂಬಿರುತ್ತದೆ.