ಜಗಳೂರಿನಲ್ಲಿ ಮುಳುಗಿದ ಹಡಗು

ಆಷಾಢದ ಒಂದು ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಮನೆಯೊಳಗಿಂದಲೇ ಫಿರಂಗಿ ಹಾರಿದ ಸದ್ದು ಕೇಳಿಸಿತು. ಒಂದರ ಹಿಂದೆ ಒಂದು, ಮೂರು. ಗಾಬರಿಯಾಗಿ ಎದ್ದು ಕೂತೆ. ಶೇಂಗಾ ಸುಲಿಯುತ್ತಿದ್ದ ನನ್ನ ಹೆಂಡತಿ ತಲೆಯನ್ನೂ ಎತ್ತಲಿಲ್ಲ.

"ಸೊಸೆ ರೀ. ದಿನಾ ಈ ಹೊತ್ತಿಗೆ ಯುದ್ಧ ಮಾಡ್ತಾಳೆ. ನೀವು ಗೊರಕೆ ಹೊಡಿತಿರ್ತೀರಿ, ನಿಮಗೆ ಹೆಂಗೆ ಕೇಳಬೇಕು?"

ಜಗಳೂರಿನ ಪ್ರೌಢಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತನಾಗಿ ಆಗ ನಾಲ್ಕು ತಿಂಗಳಾಗಿತ್ತು. ನನ್ನದೇ ಮನೆಯಲ್ಲಿ ನನಗೆ ಗೊತ್ತಿಲ್ಲದ ಸಂಗತಿಗಳು ಎಷ್ಟಿವೆ ಎಂಬುದು ದಿನಕ್ಕೊಂದರಂತೆ ತಿಳಿಯುತ್ತಿತ್ತು. ಸೊಸೆ ಹೊನ್ನಾಳಿಯವಳು, ಮದುವೆಯಾಗಿ ಮೂರು ವರ್ಷ. ಮಗನನ್ನು ಆ ವರ್ಷ ಚನ್ನಗಿರಿಗೆ ವರ್ಗ ಮಾಡಿದ್ದರಿಂದ ಅವನು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಸೊಸೆ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಊರಿನ ಪ್ರಿಂಟಿಂಗ್ ಪ್ರೆಸ್ಸಿಗೆ ಲಗ್ನಪತ್ರಿಕೆ ಜೋಡಿಸಿಕೊಡುತ್ತಿದ್ದಳು. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಲಗ್ನಪತ್ರಿಕೆಯೂ ಇಲ್ಲ. ಬೇರೆ ತಿಂಗಳುಗಳಲ್ಲಿ ಅರ್ಧ ಗಂಟೆ ಕದ್ದು ಆಡುತ್ತಿದ್ದವಳಿಗೆ ಈಗ ಇಡೀ ಮಧ್ಯಾಹ್ನ ಸಿಕ್ಕಿತ್ತು.

ಬಾಗಿಲ ಬಳಿ ಹೋಗಿ ಕೆಮ್ಮಿದೆ. ಅವಳು ತಟ್ಟನೆ ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು. ಸದ್ದು ಮಾಡಬೇಡ ಎಂದು ಹೇಳಲು ಹೋದವನು ಪರದೆಯ ಮೇಲಿನ ನಕ್ಷೆ ನೋಡಿ ಬಾಯಿ ಮುಚ್ಚಿದೆ. ನಾರ್ವೆಯ ಹರಿದ ಕರಾವಳಿ, ಈಚೆಗೆ ಬ್ರಿಟನ್, ನಡುವೆ ನೀಲಿ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದಿದ್ದೆನೋ!

"ಇದು ಉತ್ತರ ಸಮುದ್ರ," ಎಂದೆ. "ಇಲ್ಲಿ ಉಷ್ಣಪ್ರವಾಹ ಹಾದು ಹೋಗೋದ್ರಿಂದ ಚಳಿಗಾಲದಾಗೂ ನೀರು ಹೆಪ್ಪುಗಟ್ಟಲ್ಲ."

"ಹೌದ್ರೀ ಮಾವ," ಎಂದಳು ಸೊಸೆ. "ಅದೇ ನೀರಾಗೆ ನನ್ನವು ಮೂರು ಹಡಗು ಮುಳುಗಿದಾವೆ."

ಮೂರು ವರ್ಷದಲ್ಲಿ ಅವಳು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು. ಅಲ್ಲಿಯವರೆಗೆ "ಹೂಂ ಮಾವ", "ಆಗಲಿ ಮಾವ", "ಊಟಕ್ಕೆ ಬರ್ರಿ ಮಾವ", ಇಷ್ಟೇ.

ಎರಡನೇ ಮಹಾಯುದ್ಧದ ಕಾಲದ ಹಡಗುಪಡೆಯನ್ನು ನಡೆಸುವ ಆಟ ಅದು. ಬರೀ ಗುಂಡು ಹಾರಿಸಿದರೆ ಆಗದು, ಎಣ್ಣೆ ಎಷ್ಟಿದೆ ನೋಡಬೇಕು, ಮೋಡ ನೋಡಬೇಕು, ಶತ್ರು ಎಲ್ಲಿರಬಹುದೆಂದು ಊಹಿಸಬೇಕು ಎಂದು ಅವಳು ವಿವರಿಸಿದಳು. ನನಗೆ ನಗು ಬಂತು. ಸಮುದ್ರಗಳ ಹೆಸರು, ಆಳ, ಪ್ರವಾಹ ಎಲ್ಲ ನಾಲಿಗೆಯ ತುದಿಯಲ್ಲಿ ಇರುವವನಿಗೆ ಇದೇನು ಮಹಾ? ನಿಜವಾದ ಸಮುದ್ರವನ್ನು ನಾನು ನೋಡಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ. ಅದೂ ಮಕ್ಕಳ ತಲೆ ಎಣಿಸುತ್ತಾ ನೀರಿಗೆ ಬೆನ್ನು ಮಾಡಿ ನಿಂತಿದ್ದೆ. ನಾನು ಹುಟ್ಟಿದ ಬಿಳಿಚೋಡಿನಲ್ಲಿ ಮಳೆ ಬಂದರೆ ಜೋಳ, ಬಾರದಿದ್ದರೆ ಕುರಿ. ಆದರೂ ಕುರ್ಚಿ ಎಳೆದುಕೊಂಡು ಕೂತೆ. "ಎಲ್ಲಿ, ನನಗೂ ಒಂದು ಕೊಡು."

ಬಂದರಿನಲ್ಲಿ ನಿಂತ ಸಣ್ಣ ಹಡಗೊಂದನ್ನು ಅವಳು ನನಗೆ ಒಪ್ಪಿಸಿದಳು. ಅದನ್ನು ಬಂದರಿನಿಂದ ಆಚೆ ತರುವುದು ಮೊದಲ ಪಾಠ.

ಎಡಗೈಗೆ ನಾಲ್ಕು ಅಕ್ಷರ. ಒಂದು ಒತ್ತಿದರೆ ಮುಂದೆ, ಇನ್ನೊಂದು ಹಿಂದೆ, ಉಳಿದೆರಡು ಎಡಕ್ಕೂ ಬಲಕ್ಕೂ. ಬಲಗೈಯಲ್ಲಿ ಮೌಸ್, ಅದು ಫಿರಂಗಿಯ ಕಣ್ಣು. ಮೇಲಿನ ಸಾಲಿನ ಅಂಕಿಗಳು ಒಂದೊಂದು ಹಡಗಿಗೆ. ಎಂ ಒತ್ತಿದರೆ ನಕ್ಷೆ. ಕೆಳಗಿನ ಉದ್ದನೆಯ ಗುಂಡಿ ಒತ್ತಿದರೆ ಕಾಲವೇ ನಿಂತುಬಿಡುತ್ತದೆ; ಅಲೆ, ಹೊಗೆ, ಹಾರುತ್ತಿದ್ದ ಗುಂಡು, ಎಲ್ಲವೂ. ಅದೊಂದನ್ನು ನಾನು ತಕ್ಷಣ ಕಲಿತೆ. ಉಳಿದವನ್ನು ಒತ್ತಿದಾಗಲೆಲ್ಲ ಹಡಗು ಬಂದರಿನ ಕಟ್ಟೆಗೆ ಮುಖ ಗುದ್ದಿಕೊಂಡಿತು. ಎಡಕ್ಕೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಇನ್ನಷ್ಟು ಒತ್ತಿದರೂ ಆಗುತ್ತಿರಲಿಲ್ಲ. ಕೈ ಬಿಟ್ಟ ಮೇಲೆ ಗಿರಗಿರನೆ ತಿರುಗಿ ಹಿಂದಿನ ಕಟ್ಟೆಗೆ ಹೊಡೆಯುತ್ತಿತ್ತು.

"ಮೆಲ್ಲಗೆ, ಮಾವ. ಒಂದು ಸಲ ಒತ್ತಿ ಕಾಯಬೇಕು."

"ಗೊತ್ತಾಯ್ತು ಬಿಡಮ್ಮ."

ಗೊತ್ತಾಗಿರಲಿಲ್ಲ. ತರಗತಿಯಲ್ಲಿ ಅಕ್ಷಾಂಶ ರೇಖಾಂಶ ಹೇಳಿ "ಅರ್ಥ ಆಯ್ತಾ?" ಎಂದಾಗ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಆಯ್ತು ಸಾರ್" ಎನ್ನುತ್ತಿದ್ದರಲ್ಲ, ಅದೇ ದನಿ. ಅದನ್ನು ಅಷ್ಟು ವರ್ಷ ನಾನು ನಂಬಿದ್ದೆ ಎಂಬುದು ನೆನಪಾಗಿ ಸ್ವಲ್ಪ ಕಸಿವಿಸಿಯಾಯಿತು.

ಮರುದಿನದಿಂದ ಕ್ರಮಬದ್ಧವಾಗಿ ಕಲಿಯಲು ತೀರ್ಮಾನಿಸಿದೆ. ಆಟದ ಕೈಪಿಡಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಹಳೆಯ ಪಾಠ ಟಿಪ್ಪಣಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಎಡಕ್ಕೆ ಗುಂಡಿ, ಬಲಕ್ಕೆ ಕೆಲಸ ಎಂದು ಎರಡು ಅಂಕಣ ಎಳೆದು ಬರೆದುಕೊಂಡೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದೆ. ಬೆಳಗ್ಗೆ ವಾಕಿಂಗ್ ಹೋಗುವಾಗ ಬಾಯಿಪಾಠ ಮಾಡಿದೆ. ಎದುರು ಸಿಕ್ಕ ಹಳೆಯ ಸಹೋದ್ಯೋಗಿಯೊಬ್ಬರು ನಾನು ಏನೋ ಜಪ ಹಿಡಿದಿದ್ದೇನೆಂದು ತಿಳಿದು ಭಕ್ತಿಯಿಂದ ದಾರಿ ಬಿಟ್ಟರು. ಇಷ್ಟೆಲ್ಲ ಆಗಿ ಮಧ್ಯಾಹ್ನ ಕೂತರೆ ಹಡಗು ಮತ್ತೆ ಕಟ್ಟೆಗೆ.

ಸೊಸೆಗೆ ಸಿಟ್ಟು ಬರುತ್ತಿರಲಿಲ್ಲ. ಅದೇ ನನಗೆ ಕಷ್ಟವಾಗಿದ್ದು. "ಆಗತೈತೆ ಮಾವ, ಇನ್ನೊಂದು ಸಲ ನೋಡ್ರಿ," ಎನ್ನುತ್ತಿದ್ದಳು, ಹಿಂದಿನ ಸಲದಷ್ಟೇ ಮೆತ್ತಗೆ. ಎರಡನೇ ಸಲಕ್ಕೇ ಡಸ್ಟರ್‌ನಿಂದ ಮೇಜು ಕುಟ್ಟುತ್ತಿದ್ದ ನನಗೆ ಆ ತಾಳ್ಮೆಯ ಎದುರು ಎಲ್ಲಿ ಮುಖ ಇಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಹೆಂಡತಿ ಮಾತ್ರ ಬಾಗಿಲಲ್ಲಿ ಇಣುಕಿ, "ಇನ್ನೂ ಬಸ್ ಸ್ಟ್ಯಾಂಡ್ ಬಿಟ್ಟಿಲ್ಲೇನ್ರೀ?" ಎಂದು ಕೇಳಿ ಹೋಗುತ್ತಿದ್ದಳು.

ಹತ್ತು ಹನ್ನೆರಡು ದಿನ ಹೀಗೇ ನಡೆಯಿತು. ಆಗ ನ್ಯಾಮತಿಯಲ್ಲಿದ್ದ ಸೊಸೆಯ ಅಕ್ಕನಿಗೆ ಹೆಣ್ಣು ಮಗುವಾಯಿತು. ಮಗುವನ್ನು ನೋಡಲು ಮಗಳನ್ನು ಕರೆದೊಯ್ಯುತ್ತೇನೆಂದು ಹೊನ್ನಾಳಿಯಿಂದ ಬೀಗರು ಬಂದರು. ಅವರ ಗದ್ದೆ ತುಂಗಭದ್ರಾ ಹೊಳೆಯ ಆಚೆ ದಡದಲ್ಲಿದೆ. ನೀರು ತುಂಬಿದ ದಿನಗಳಲ್ಲಿ ತಮ್ಮದೇ ತೆಪ್ಪದಲ್ಲಿ ಹೋಗಿ ಬರುವವರು. ಕಡಿಮೆ ಮಾತಿನ ಮನುಷ್ಯ. ನಮ್ಮ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂತು, ಚಹಾ ಕುಡಿದು, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೋಗುತ್ತಿದ್ದರು. ಅದು ನನ್ನ ವಿದ್ವತ್ತಿಗೆ ಕೊಡುವ ಗೌರವ ಎಂದು ನಾನು ತಿಳಿದಿದ್ದೆ.

ಆ ದಿನ ಮಗಳು ಬಟ್ಟೆ ಜೋಡಿಸಿಕೊಳ್ಳುವ ತನಕ ಅವರು ಕಂಪ್ಯೂಟರ್ ಮುಂದೆ ಕೂತಿದ್ದ ನನ್ನ ಹಿಂದೆ ಬಂದು ನಿಂತರು. ಎರಡು ಸಲ ನಾನು ಕಟ್ಟೆಗೆ ಗುದ್ದುವುದನ್ನು ಸುಮ್ಮನೆ ನೋಡಿದರು. ಮೂರನೆಯ ಸಲ ಗಂಟಲು ಸರಿ ಮಾಡಿಕೊಂಡರು.

"ತಪ್ಪು ತಿಳಕಬ್ಯಾಡ್ರಿ ಬೀಗ್ರೇ. ನೀವು ಬೈಕ್ ತಿರುಗಿಸಿದಂಗೆ ತಿರುಗಿಸ್ತೀರಿ. ನೀರಾಗೆ ಬ್ರೇಕ್ ಇರಲ್ಲ. ದಡ ಇನ್ನೂ ದೂರ ಐತೆ ಅನ್ನೋವಾಗ್ಲೇ ಕೈ ಬಿಟ್ಟುಬಿಡಬೇಕು. ಉಳಿದಿದ್ದು ನೀರು ನೋಡ್ಕಂತೈತೆ."

ಅವರು ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಹೆಗಲ ಹಿಂದೆ ನಿಂತು "ಈಗ... ಬಿಡ್ರಿ... ಈಗ ಎದುರು ದಿಕ್ಕಿಗೆ ಒಂದೀಟು," ಎಂದರು. ನನ್ನ ಹಡಗು ಕಟ್ಟೆಯಿಂದ ಸರಿದು, ಮುಖ ತಿರುಗಿಸಿ, ಎರಡು ಗೋಡೆಗಳ ನಡುವಿನಿಂದ ಆಚೆ ಜಾರಿತು. ಎದುರಿಗೆ ಇಡೀ ಉತ್ತರ ಸಮುದ್ರ. ನನಗೆ ಮೈ ಜುಮ್ಮೆಂದಿತು. ಬೀಗರು "ಹೂಂ, ಹೋತು," ಎಂದು ಹೇಳಿ ಚಹಾ ಕುಡಿಯಲು ಹೋದರು.

ಹೊರಡುವಾಗ ಸೊಸೆ ಬಾಗಿಲಲ್ಲಿ ನಿಂತು ಹೇಳಿದಳು. "ಮಾವ, ನಿಮ್ಮ ಸಣ್ಣ ಹಡಗು ಎಷ್ಟು ಬೇಕಾದ್ರೂ ಓಡಿಸ್ರಿ. ನನ್ನ ಪಡೆ ಬಂದರಿನಾಗೆ ನಿಂತೈತೆ, ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಮೂರು ದಿನಕ್ಕೆ ಬಂದುಬಿಡ್ತೀನಿ."

ಮೊದಲ ದಿನ ಮುಟ್ಟಲಿಲ್ಲ. ಸಣ್ಣ ಹಡಗನ್ನು ಬಂದರಿನಿಂದ ಒಳಗೂ ಹೊರಗೂ ಏಳೆಂಟು ಸಲ ಓಡಾಡಿಸಿದೆ. ಒಂದು ಸಲವೂ ತಾಗಲಿಲ್ಲ. ಎರಡನೆಯ ದಿನದ ಹೊತ್ತಿಗೆ ಇಷ್ಟು ಸಣ್ಣ ಹಡಗಿನಲ್ಲಿ ನನ್ನಂಥವನ ಯೋಗ್ಯತೆ ವ್ಯರ್ಥವಾಗುತ್ತಿದೆ ಅನ್ನಿಸತೊಡಗಿತು. ಸೊಸೆಯ ಮುಖ್ಯ ಹಡಗು ಅಲ್ಲೇ ಇತ್ತು. ಊರಿನ ಕೋಟೆಯಷ್ಟು ದೊಡ್ಡದು, ಎಂಟು ಫಿರಂಗಿ. ಎಂಟು ತಿಂಗಳ ಯುದ್ಧದಲ್ಲಿ ಒಂದು ಸಲವೂ ಅದಕ್ಕೆ ದೊಡ್ಡ ಪೆಟ್ಟಾಗದಂತೆ ಅವಳು ಕಾಪಾಡಿದ್ದಳು. ಸುಮ್ಮನೆ ಒಂದು ಸುತ್ತು ಹಾಕಿಸಿ ತಂದು ನಿಲ್ಲಿಸಿದರೆ ಯಾರಿಗೆ ತಿಳಿಯುತ್ತದೆ?

ಆಚೆ ತಂದೆ. ಬಹಳ ಚೆನ್ನಾಗಿಯೇ ತಂದೆ. ನಾರ್ವೆಯ ದಿಕ್ಕಿನಲ್ಲಿ ಶತ್ರುವಿನ ಒಂದು ಸಾಮಾನು ಹಡಗು ಕಂಡಿತು. ಬೆನ್ನು ಹತ್ತಿದೆ. ಅದು ಎರಡು ಬೆಟ್ಟಗಳ ನಡುವಿನ ಫಿಯರ್ಡ್ ಒಳಗೆ ನುಗ್ಗಿತು. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಫಿಯರ್ಡ್, ಅದು ಬಹಳ ಆಳ ಎಂದು ನಾನು ಎಷ್ಟು ವರ್ಷ ಪಾಠ ಹೇಳಿಲ್ಲ! ಧೈರ್ಯವಾಗಿ ನುಗ್ಗಿಸಿದೆ. ಹಡಗು ಗರಕ್ಕನೆ ನಿಂತಿತು. ಫಿಯರ್ಡಿನ ಬಾಯಲ್ಲಿ ಮಾತ್ರ ಆಳ ಕಡಿಮೆ ಎಂಬುದೂ ಅದೇ ಪಾಠದ ಕೊನೆಯ ಸಾಲಿನಲ್ಲಿತ್ತು. ಪರೀಕ್ಷೆಗೆ ಅದನ್ನು ಕೇಳುವುದಿಲ್ಲವೆಂದು ಪ್ರತಿ ವರ್ಷ ಬಿಟ್ಟುಬಿಡುತ್ತಿದ್ದೆ.

ನೆಲ ಕಚ್ಚಿದ ಹಡಗನ್ನು ಹಿಂದೆ ಎಳೆಯಲು ನೋಡಿದೆ. ಗಡಿಬಿಡಿಯಲ್ಲಿ ಯಾವುದೋ ಗುಂಡಿ ಒತ್ತಿದೆ, ಹಡಗಿನ ದೀಪಗಳೆಲ್ಲ ಹೊತ್ತಿಕೊಂಡವು. ಶತ್ರುವಿಗೆ ನಾನೇ ದೀಪ ತೋರಿಸಿದಂತಾಯಿತು. ಬೆಟ್ಟದ ಮರೆಯಿಂದ ಸಣ್ಣ ದೋಣಿಗಳು ಬಂದವು. ನೀರಿನಲ್ಲಿ ನಾಲ್ಕು ಬಿಳಿ ಗೆರೆಗಳು ನನ್ನತ್ತ ಎದ್ದವು. ಟಾರ್ಪೆಡೊ ಎಂದು ಗೊತ್ತಾಗಿ ಕಾಲ ನಿಲ್ಲಿಸಿದೆ. ನಿಂತ ಕಾಲದಲ್ಲಿ ಕೂತು ಕೈಪಿಡಿಯನ್ನು ಮೊದಲಿನಿಂದ ಕೊನೆವರೆಗೆ ಓದಿದೆ. ಆಮೇಲೆ ಕಾಲ ಬಿಟ್ಟೆ. ನಾಲ್ಕೂ ಬಡಿದವು.

ಹಡಗು ಪಕ್ಕಕ್ಕೆ ವಾಲುತ್ತಿರುವಾಗ ದಿಕ್ಕು ತೋಚದೆ ಗುಂಡಿಗಳನ್ನೆಲ್ಲ ಒತ್ತಿದೆ. ಪರದೆಯ ನಡುವೆ ಒಂದು ಚೌಕ ಮೂಡಿ, ಇಂಗ್ಲಿಷಿನಲ್ಲಿ "ಸೇವ್ ಮಾಡಬೇಕೇ?" ಎಂದು ಕೇಳಿತು. ಸೇವ್ ಎಂದರೆ ಉಳಿಸುವುದು. ಮುಳುಗುವ ಹಡಗನ್ನು ಉಳಿಸಲೇ ಎಂದು ಕೇಳಿದರೆ ಬೇಡ ಎನ್ನುವವರು ಯಾರು? ಹೌದು ಎಂದು ಒತ್ತಿದೆ. ಹಡಗು ಮುಳುಗಿತು. ಕಂಪ್ಯೂಟರ್ ಹಳೆಯ ಆಟವನ್ನು ಅಳಿಸಿ, ಮುಳುಗುತ್ತಿರುವ ಸ್ಥಿತಿಯನ್ನೇ ಕಾಯಂ ಮಾಡಿ ಇಟ್ಟುಕೊಂಡಿತು.

ಆ ದಿನ ಊಟ ಸೇರಲಿಲ್ಲ. ಹೆಂಡತಿ ಬಿ.ಪಿ. ಮಾತ್ರೆ ತಗೊಂಡ್ರೇನ್ರೀ ಎಂದು ಎರಡು ಸಲ ಕೇಳಿದಳು. ಕಂಪ್ಯೂಟರೇ ಕೆಟ್ಟಿದೆ ಎಂದು ಹೇಳಿಬಿಡೋಣವೇ ಎಂದೂ ಯೋಚಿಸಿದೆ. ಹೋಂವರ್ಕಿನ ಪುಸ್ತಕ ಕುರಿ ತಿಂದಿತು ಎಂದ ವಿದ್ಯಾರ್ಥಿಯೊಬ್ಬನನ್ನು ಮೊಣಕಾಲ ಮೇಲೆ ನಿಲ್ಲಿಸಿದ್ದೆ. ಅವನ ಕಷ್ಟ ಈಗ ಅರ್ಥವಾಯಿತು.

ಮಾರನೆಯ ದಿನ ಸೊಸೆ ಬಂದಳು. ಮಗು ಹೇಗಿದೆ ಎಂದು ಕೇಳಿದೆ. ಚೆನ್ನಾಗೈತೆ ಎಂದಳು. ಮಗುವಿನ ತೂಕ ಕೇಳಿದೆ. ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದೆ. ಕೊನೆಗೆ ಕೇಳುವುದಕ್ಕೆ ಏನೂ ಉಳಿಯದೆ ಹೇಳಿಬಿಟ್ಟೆ.

"ಅಮ್ಮ, ನಿನ್ನ ದೊಡ್ಡ ಹಡಗು ಮುಳುಗಿಸಿಬಿಟ್ಟೆ."

ಅವಳು ಚಪ್ಪಲಿ ಬಿಟ್ಟವಳೇ ನೇರವಾಗಿ ಒಳಗೆ ಹೋದಳು. ಸ್ವಲ್ಪ ಹೊತ್ತು ಮೌಸಿನ ಟಿಕ್ ಟಿಕ್ ಕೇಳಿಸಿತು. ಆಮೇಲೆ ಆಚೆ ಬಂದಳು. ಮುಖ ಕೆಂಪಾಗಿತ್ತು.

"ಏನ್ ಮಾವ ನೀವು! ಮುಟ್ಟಬ್ಯಾಡ್ರಿ ಅಂತ ಹೇಳಿದ್ನೋ ಇಲ್ವೋ? ಎಂಟು ತಿಂಗ್ಳು, ಎಂಟು ತಿಂಗ್ಳು ಕಾಪಾಡಿದ್ದೆ! ಅದರ ಮ್ಯಾಲೆ ಸೇವ್ ಬೇರೆ ಮಾಡೀರಿ! ಯಾರ ಮಾತೂ ಕೇಳಾಕೆ ಆಗಲ್ಲ ನಿಮಗೆ. ಎಲ್ಲಾ ನಂಗೇ ಗೊತ್ತೈತೆ ಅಂತೀರಿ. ನನ್ನ ನೋಡಾಕೆ ಬಂದಾಗಿಂದ್ಲೂ ಹಿಂಗೇ!"

ನಾನು ತಬ್ಬಿಬ್ಬಾದೆ. "ನೋಡಾಕೆ ಬಂದಾಗ ಏನು ಮಾಡಿದೆ?"

"ತುಂಗಾ ಭದ್ರಾ ಎಲ್ಲಿ ಸೇರ್ತಾವೆ ಹೇಳು ಅಂತ ಕೇಳಿದ್ರಿ! ಹೊಳೆ ದಂಡ್ಯಾಗೆ ಹುಟ್ಟಿ ಬೆಳೆದೋಳಿಗೆ! ಕೂಡ್ಲಿ ಅಂದ್ರೆ, ಗುಡ್, ಕೂತ್ಕೋ ಅಂದ್ರಿ. ನಮ್ಮಪ್ಪ ಅಲ್ಲೇ ಕೂತಿದ್ರು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಇಣುಕಿದಳು. ಸೊಸೆಗೆ ತಾನು ಎಷ್ಟು ದೊಡ್ಡ ದನಿಯಲ್ಲಿ ಮಾತಾಡಿದೆ ಎಂಬುದು ಆಗ ಅರಿವಾಗಿರಬೇಕು, ಕೈಯಿಂದ ಬಾಯಿ ಮುಚ್ಚಿಕೊಂಡಳು. ನನಗೆ ನಾಚಿಕೆಯಾಯಿತು. ಆ ಪ್ರಶ್ನೆ ಕೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಹುಡುಗಿ ಜಾಣೆ ಎಂದು ಮನೆಗೆ ಬಂದು ಹೊಗಳಿದ್ದೂ ನೆನಪಿತ್ತು. ಆದರೆ ನಾಚಿಕೆಗಿಂತ ಹೆಚ್ಚಾಗಿ, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಎದೆ ಹಗುರಾಯಿತು. ಮೂರು ವರ್ಷದಿಂದ ಈ ಮನೆಯಲ್ಲಿ ಅತಿಥಿಯ ಹಾಗೆ ಇದ್ದವಳು ಅಂದು ಮನೆಯವಳ ಹಾಗೆ ನನ್ನನ್ನು ಬೈದಿದ್ದಳು.

"ತಪ್ಪಾಯ್ತಮ್ಮ," ಎಂದೆ. "ಎರಡಕ್ಕೂ."

ಅವಳು ಒಂದು ದಿನ ಕಂಪ್ಯೂಟರ್ ಹಚ್ಚಲಿಲ್ಲ. ಎರಡನೆಯ ದಿನ ಚಹಾ ತಂದಿಟ್ಟು, "ಹೊಸದಾಗಿ ಶುರು ಮಾಡ್ತೀನಿ, ಬರ್ರಿ. ಆದ್ರೆ ನಿಮಗೆ ಫಿರಂಗಿ ಕೊಡಲ್ಲ," ಎಂದಳು. ಹೊಸ ಯುದ್ಧದಲ್ಲಿ ನನ್ನ ಪಾಲಿಗೆ ಬಂದಿದ್ದು ಎಣ್ಣೆ ಸಾಗಿಸುವ ಹಡಗು. ಅದರಲ್ಲಿ ಒಂದು ಬಂದೂಕೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಹೋಗಿ, ಹೊತ್ತಿಗೆ ಸರಿಯಾಗಿ ಬರಬೇಕು. ಇಷ್ಟು ವರ್ಷ ಶಾಲೆಗೆ ಮಾಡಿದ್ದೂ ಅದೇ ಆದ್ದರಿಂದ ಕಷ್ಟವಾಗಲಿಲ್ಲ.

ಶ್ರಾವಣ ಬಂತು. ಲಗ್ನಪತ್ರಿಕೆಗಳು ಬಂದವು. ಕಂಪ್ಯೂಟರ್ ಈಗ ನನಗೆ ಸಿಗುವುದು ಸೊಸೆ ಊಟ ಮಾಡಿ ಒಂದು ನಿದ್ದೆ ತೆಗೆಯುವಷ್ಟು ಹೊತ್ತು ಮಾತ್ರ. ಒಂದು ದಿನ ಆ ಹೊತ್ತಿನಲ್ಲಿ ನಾನೊಬ್ಬನೇ ಎಣ್ಣೆ ಹಡಗು ನಡೆಸುತ್ತಿದ್ದಾಗ ಹೆಂಡತಿ ಮೊರ ಹಿಡಿದುಕೊಂಡೇ ಬಂದು ಪಕ್ಕದಲ್ಲಿ ಕೂತಳು. ಸುಮಾರು ಹೊತ್ತು ನೋಡಿದಳು.

"ಇದರಾಗೆ ಎಷ್ಟು ಮಂದಿ ಇರ್ತಾರೆ?"

"ದೊಡ್ಡದರಾಗೆ ಸಾವಿರದ ಮ್ಯಾಲೆ."

"ಅಷ್ಟು ಮಂದಿಗೆ ಅಡುಗೆ ಎಲ್ಲಿ ಮಾಡ್ತಾರೆ? ತೋರ್ಸ್ರಿ ನೋಡನ."

ಕೈಪಿಡಿ ತೆರೆದೆ. ಒಂದೊಂದೇ ಗುಂಡಿ ಒತ್ತಿ ನೋಡಿದೆ. ಫಿರಂಗಿ ಕಂಡಿತು, ಎಂಜಿನ್ ಕಂಡಿತು, ಕ್ಯಾಪ್ಟನ್ ನಿಲ್ಲುವ ಜಾಗ ಕಂಡಿತು. ಅಡುಗೆಮನೆ ಎಲ್ಲೂ ಕಾಣಲಿಲ್ಲ. ಹೆಂಡತಿ ಮೊರ ಪಕ್ಕಕ್ಕಿಟ್ಟು, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಸರೀರಿ," ಎಂದಳು. "ನಾನೇ ಹುಡುಕ್ತೀನಿ."