ವೈರುಗಳಿಗೂ ಕುರಿಯ ಕಿವಿ ಗುರುತು

ಸ್ಟಿಯರಿಂಗ್ ಕೆಳಗೆ ಎರಡೂ ಕೈ ತೂರಿಸಿದ್ದ ಎಲೆಕ್ಟ್ರಿಷಿಯನ್ ಈರಣ್ಣ, ನನ್ನ ಮುಖ ನೋಡಿ ಹರಟುತ್ತಲೇ ವೈರು ಜೋಡಿಸುತ್ತಿದ್ದ. ಎಂಬತ್ತರ ದಶಕದ ಮಾತು. ಮಧುಗಿರಿಯ ಗ್ಯಾರೇಜಿನಲ್ಲಿ ನನ್ನ ಬಾಡಿಗೆ ಅಂಬಾಸಿಡರ್ ಕಾರಿನ ಪೆಟ್ರೋಲ್ ಎಂಜಿನ್ ಇಳಿಸಿ, ಶಿರಾದ ಗುಜರಿಯಿಂದ ತಂದ ಡೀಸೆಲ್ ಎಂಜಿನ್ ಕೂರಿಸಿದ್ದೆವು. ಅಗ್ಗಕ್ಕೆ ಸಿಕ್ಕಿತೆಂದು ನಾನು ತಂದುಕೊಟ್ಟಿದ್ದ ವೈರೆಲ್ಲ ಕಪ್ಪು. ಒಂದು ಅದಲುಬದಲಾದರೂ ನನ್ನ ಅನ್ನಕ್ಕೇ ಬೆಂಕಿ.

“ಒಸಿ ನೋಡ್ಕಂಡು ಹಾಕಪ್ಪಾ” ಎಂದೆ.

“ಕುರಿ ಕಾಯೋರ ಮನೇಲಿ ಹುಟ್ಟಿದೋನು ಕಣಣ್ಣ ನಾನು. ಕಿವಿ ಮುಟ್ಟಿದ್ರೆ ಸಾಕು, ಯಾರ ಕುರಿ ಅಂತ ಹೇಳ್ಬುಡ್ತೀನಿ. ನೀನೇ ಮುಟ್ಟಿ ನೋಡು” ಎಂದು ಉಳಿದ ವೈರುಗಳ ತುದಿಯನ್ನು ನನ್ನ ಕೈಗಿತ್ತ.

ಸವರಿದೆ. ಯಾರ ಕುರಿಯೆಂದು ತಿಳಿಯಲು ಕಿವಿಯಂಚು ಕತ್ತರಿಸಿ ಗುರುತು ಹಾಕುವಂತೆಯೇ ರಬ್ಬರಿನ ಮೇಲೆ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿದ್ದ. ಹಾರ್ನಿನದಕ್ಕೆ ಒಂದು, ದೀಪದ್ದಕ್ಕೆ ಎರಡು, ಸ್ಟಾರ್ಟರಿನದಕ್ಕೆ ಓರೆಯಾಗಿ ಒಂದು. ಎಲ್ಲ ಜೋಡಿಸಿ ಕೀಲಿ ತಿರುಗಿಸಿದ. ಮೊದಲ ಸಲಕ್ಕೇ ಎಂಜಿನ್ ಗುಡುಗಿತು.

ಆ ಕಾರು ಈಗಿಲ್ಲ. ಆದರೆ ರಸ್ತೆಗೆ ಕುರಿಮಂದೆ ಅಡ್ಡ ಬಂದರೆ ಇಂದಿಗೂ ನಾನು ಹಾರ್ನ್ ಒತ್ತುವುದಿಲ್ಲ. ಎಂಜಿನ್ ಆರಿಸಿ, ಅವುಗಳ ಕಿವಿ ನೋಡುತ್ತಾ ಕೂರುತ್ತೇನೆ.