ಕೆರೆಯಂಚಿನ ಕರಿಪಟ್ಟೆ

ಸಂಕ್ರಾಂತಿಗೆ ಇನ್ನೂ ದಿನವಿತ್ತು. ಆಗಲೇ ಕೆರೆಯ ಹುಲ್ಲು ಒಣಗಿ ಹಪ್ಪಳವಾಗಿತ್ತು. ಕಾಲಿಟ್ಟರೆ ಚಟಚಟ ಎನ್ನುತ್ತಿತ್ತು.

ಕೆ.ಆರ್. ಪುರದ ಆಚೆ ಇರುವ ಆ ಕೆರೆ ಹೆಸರಿಗೆ ಮಾತ್ರ ಕೆರೆ. ಮೋರಿ ನೀರು ಹರಿಯುವ ಒಂದು ಬದಿ ಬಿಟ್ಟರೆ ಮಿಕ್ಕಿದ್ದೆಲ್ಲ ಎದೆಮಟ್ಟದ ಹುಲ್ಲು, ಜಾಲಿ ಮುಳ್ಳು. ಅದರ ಅಂಚಿಗೆ ಒಂದು ಸಾಲು ಶೀಟಿನ ಮನೆಗಳು. ಕೊನೆಯದು ಯಶೋದಮ್ಮನದು. ಹಿಂದೆ ಕೊಟ್ಟಿಗೆ, ಅದರಲ್ಲಿ ಒಂದು ಹಸು, ಪಕ್ಕದಲ್ಲಿ ಹುಲ್ಲಿನ ಮೆದೆ. ಹಾಲು ಹಾಕಿ ಬದುಕುವವಳಿಗೆ ಅಷ್ಟೇ ಆಸ್ತಿ.

ಬೇರೆ ವರ್ಷಗಳಲ್ಲಿ ಬೆಂಕಿ ಬೀಳುತ್ತಿದ್ದುದು ಶಿವರಾತ್ರಿ ಕಳೆದ ಮೇಲೆ. ಈ ವರ್ಷ ಚಳಿಯಲ್ಲೇ ಎರಡು ಸಲ ಬಿದ್ದಿತ್ತು. ಎರಡೂ ಸಲ ಆಚೆ ದಡದಲ್ಲೇ ಆರಿತ್ತು. ಮೂರನೆಯದು ಎಲ್ಲಿ ಏಳುತ್ತದೋ ಗೊತ್ತಿಲ್ಲ. ಯಶೋದಮ್ಮ ಡ್ರಮ್ಮು ತುಂಬ ನೀರು ಹಿಡಿದಿಟ್ಟಳು. ಗೋಣಿಚೀಲ ನೆನೆಸಿ ಮೆದೆಗೆ ಹೊದಿಸಿದಳು. ಹಸುವಿನ ಹಗ್ಗಕ್ಕೆ ಎಳೆದರೆ ಬಿಚ್ಚುವ ಗಂಟು ಹಾಕಿದಳು. ಬಟ್ಟೆ ಒಣಹಾಕುವಾಗಲೂ ಅವಳ ಮೂಗು ಕೆರೆಯ ಕಡೆಗೇ ಇರುತ್ತಿತ್ತು.

ಕೆರೆಯ ಕಡೆ ಹೋಗುವವರೆಲ್ಲರ ಮೇಲೂ ಅವಳಿಗೆ ಅನುಮಾನ. ವೈರು ಸುಟ್ಟು ತಾಮ್ರ ತೆಗೆಯುವವರ ಮೇಲೆ, ಹುಲ್ಲಿನ ಮರೆಗೆ ಕೂತು ಕುಡಿಯುವವರ ಮೇಲೆ, ಕಾರಿನಲ್ಲಿ ಬಂದು ಇಳಿಯದೆ ಕೆರೆಯನ್ನೇ ನೋಡಿ ಹೋಗುವವರ ಮೇಲೆ.

“ಏ, ಬೀಡಿ ಆರಿಸಿದ್ಯಾ? ಕಾಲೆತ್ತು, ತೋರ್ಸು.”

“ಪೊಲೀಸ್ನೋರೂ ಇಷ್ಟು ಕೇಳಲ್ಲ ಬಿಡಜ್ಜಿ.”

“ನಿನ್ನಂಥೋರನ್ನ ನೋಡೀ ನೋಡೀನೇ ಅಜ್ಜಿ ಆಗಿದ್ದು. ಎತ್ತು ಕಾಲು.”

ಈ ಕಾವಲಿಗೆ ಮೆದೆಯೊಂದೇ ಕಾರಣವಲ್ಲ. ಅವಳ ಒಂದು ಆಣೆ ಆ ಕೆರೆಯಲ್ಲಿ ಸಿಕ್ಕಿಕೊಂಡಿತ್ತು.

ಹೋದ ವರ್ಷ ಶಿವರಾತ್ರಿ ಕಳೆದ ವಾರ, ಮಟಮಟ ಮಧ್ಯಾಹ್ನ, ಕೆರೆಯ ಬೆಂಕಿ ಪಕ್ಕದ ಮನೆಯ ಖುರ್ಷೀದಾಳ ದೊಡ್ಡಿಗೆ ನುಗ್ಗಿತ್ತು. ಖುರ್ಷೀದಾ ಬಕ್ರೀದಿಗೆಂದು ಟಗರು ಸಾಕುವವಳು. ಗಂಡ ಮುಕ್ತಾರ್ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮಾಂಸ ಕಡಿಯಲು ಹೋದರೆ ಸಂಜೆಗೇ ಬರುವುದು. ಅವಳೊಬ್ಬಳೇ ಕೈಗೆ ಸಿಕ್ಕಿದ್ದನ್ನು ಆಚೆ ಎಳೆದಳು. ಎರಡು ಟಗರು ಕಟ್ಟಿದಲ್ಲೇ ಬೆಂದುಹೋದವು. ಮಾರನೆಯ ದಿನ ನಲ್ಲಿಯ ಹತ್ತಿರ, ಎಲ್ಲರೂ ಬಿಂದಿಗೆ ಹಿಡಿದು ನಿಂತಿದ್ದಾಗ, ಅವಳು ಬಾಯಿ ಬಿಟ್ಟಳು.

“ನಿನ್ ಗಂಡಾನೇ ಯಶೋದಕ್ಕ. ಬೆಳಗ್ಗೆ ಕಡ್ಡಿಪೆಟ್ಟಿಗೆ ಹಿಡ್ಕೊಂಡು ಕೆರೆಗಿಳ್ದಿದ್ದು ನಾನೇ ನೋಡ್ದೆ.”

“ಬೀಡಿ ಸೇದೋನ ಕೈಲಿ ಕಡ್ಡಿಪೆಟ್ಟಿಗೆ ಇರ್ದೆ ಜಪಮಾಲೆ ಇರ್ತದಾ?”

“ಹಂಗಾದ್ರೆ ಆಣೆ ಹಾಕು.”

ಯಶೋದಮ್ಮ ಕೊರಳಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದಳು. “ನನ್ ತಾಳಿ ಮೇಲಾಣೆ. ನನ್ ಗಂಡ ಬೆಂಕಿ ಹಚ್ಚಿಲ್ಲ.”

ಗಂಡ ಆದಿನಾರಾಯಣ ಅಲ್ಲೇ ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. ಹಗ್ಗ ಹಿಡಿದು ಹಸುವಿನ ಜೊತೆ ಮನೆ ಕಡೆ ನಡೆದ. ಅಂದು ಮುರಿದ ಮುದ್ದೆಯನ್ನು ಬಾಯಿಗಿಡದೆ ಎದ್ದ.

ಆಷಾಢದಲ್ಲಿ ಎದೆ ಹಿಡಿಯುತ್ತಿದೆ ಅಂದ. ಶಿವಾಜಿನಗರದ ಆಸ್ಪತ್ರೆಗೆ ಆಟೋ ಹತ್ತಿಸಿದಳು. ಹಲಸೂರು ದಾಟುವ ಮೊದಲೇ ಅವಳ ಹೆಗಲ ಮೇಲೆ ತಲೆ ಹಾಕಿದ. ಮತ್ತೆ ಎತ್ತಲಿಲ್ಲ.

ತಾಳಿ ತೆಗೆಸಿದರು. ಅವಳು ನಲ್ಲಿಗೆ ಹೋದರೆ ಈಗ ಮಾತು ನಿಲ್ಲುತ್ತಿತ್ತು. ಸುಳ್ಳಾಣೆ ಗಂಡನನ್ನು ತಿಂದಿತು ಎಂದು ಯಾರೂ ಎದುರಿಗೆ ಅನ್ನಲಿಲ್ಲ. ಅನ್ನದಿದ್ದರೂ ಅವಳಿಗೆ ಕೇಳಿಸುತ್ತಿತ್ತು. ಯಾಕೆಂದರೆ ಅವಳೊಳಗೂ ಒಂದು ಮುಳ್ಳಿತ್ತು. ಬೆಂಕಿ ಎದ್ದದ್ದು ಮಧ್ಯಾಹ್ನ. ಆದಿನಾರಾಯಣನ ಅಂಗಿ ಹೊಗೆ ನಾತ ಹೊಡೆದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಇನ್ನೊಂದೂ ಇತ್ತು. ಟಗರು ಸತ್ತ ಮೇಲೆ ಅವನು ದಿನಾ ಸಂಜೆ ಮೋರಿ ಬದಿಯ ಹಸಿರು ಹುಲ್ಲು ಕುಯ್ದು, ಒಂದು ಕಟ್ಟನ್ನು ಖುರ್ಷೀದಾಳ ಗೋಡೆಯಾಚೆ ಹಾಕಿ ಬರುತ್ತಿದ್ದ.

“ಅವಳ ಮೇಲೆ ಏನು ನಿಂಗೆ ಅಷ್ಟು ಕರುಣೆ?” ಎಂದು ಒಮ್ಮೆ ಕುಕ್ಕಿದ್ದಳು.

“ಮೂಕ ಪ್ರಾಣಿ ಕಣೇ,” ಅಂದಿದ್ದ.

ಈ ವರ್ಷದ ಬೆಂಕಿ ನೋಡಿ ಅವಳಿಗೆ ಭಯದ ಜೊತೆಗೆ ಧೈರ್ಯವೂ ಬಂದಿತ್ತು.

“ನೋಡ್ದಾ ಖುರ್ಷೀದಾ? ಸತ್ತೋನು ಎದ್ದು ಬಂದು ಹಚ್ಚಿದ್ನಾ?”

ಖುರ್ಷೀದಾ ಪಾತ್ರೆ ಚಾಚಿದಳು. ಎಷ್ಟು ಜಗಳವಾದರೂ ಹಾಲು ನಿಂತಿರಲಿಲ್ಲ. “ನಾನೇನಂದೆ ಈಗ? ಹಾಲು ಹಾಕು. ನೀರು ಕಮ್ಮಿ ಹಾಕು.”

ಹಚ್ಚುವವನನ್ನು ಕೈಯಾರೆ ಹಿಡಿದು ನಲ್ಲಿಯ ಹತ್ತಿರ ಎಳೆದು ತರಬೇಕು. ಆಗ ಆಣೆ ನಿಜವಾಗುತ್ತದೆ. ಯಶೋದಮ್ಮ ಕಾದಳು.

ಒಂದು ಬೆಳಗ್ಗೆ ಹಾಲು ಕರೆದು ಏಳುವಾಗ ಹೊಗೆ ಮೂಗಿಗೆ ಬಡಿಯಿತು. ದೂರದ್ದಲ್ಲ, ಕೊಟ್ಟಿಗೆಯ ಹಿಂದಿನದು. ಓಡಿದಳು. ಮಂಜಿನಲ್ಲಿ ಒಬ್ಬ ಬಗ್ಗಿದ್ದ. ಎದುರಿಗೆ ಗೇಣೆತ್ತರದ ಬೆಂಕಿ. ಹಿಂದಿನಿಂದ ಹೋಗಿ ಕೊರಳ ಟವೆಲ್ಲನ್ನೇ ಹಿಡಿದಳು. ತಿರುಗಿದವನು ಎಮ್ಮೆ ಮೇಯಿಸುವ ಮುನಿನಾರಾಯಣಪ್ಪ, ಗಂಡನ ಜೀವದ ಗೆಳೆಯ.

“ನೀನಾ! ಅವರ ಚಟ್ಟಕ್ಕೆ ಹೆಗಲು ಕೊಟ್ಟೋನು ನೀನು. ಇವತ್ತು ನನ್ ಕೊಟ್ಟಿಗೆಗೆ ಬೆಂಕಿ ಇಡ್ತಿದ್ದೀಯಾ?”

“ಬಿಡಮ್ಮ, ಉಸ್ರು ಕಟ್ತದೆ. ಕೊಟ್ಟಿಗೆ ಉಳೀಲಿ ಅಂತಾನೇ ಇದು.”

ಅವನ ಕೈಯಲ್ಲಿ ನೆನೆಸಿದ ಹೊಂಗೆ ಕೊಂಬೆಯಿತ್ತು. ಮನೆಗಳ ಸಾಲಿನುದ್ದಕ್ಕೂ ಗಾಡಿಯಗಲದ ಕರಿಪಟ್ಟೆ ಎಳೆದಂತಿತ್ತು.

“ಇಷ್ಟಗಲ ನಾವೇ ಸುಟ್ಟಿಟ್ರೆ, ಆಚೆ ಬೆಂಕಿ ಬಂದ್ರೂ ಇಲ್ಲಿ ತಿನ್ನೋಕೆ ಏನೂ ಸಿಗಲ್ಲ. ಇಬ್ಬನಿ ಇರೋವಾಗ್ಲೇ ಹಚ್ಬೇಕು, ಹಿಂದೇನೇ ಬಡಿದು ಆರಿಸ್ಬೇಕು. ವರ್ಷಾ ವರ್ಷಾ ಮಾಡ್ತಿದ್ವಿ.”

“ಮಾಡ್ತಿದ್ವಿ ಅಂದ್ರೆ ಯಾರು ಯಾರು?”

ಅವನು ಕೊಂಬೆಯನ್ನೇ ನೋಡಿದ. “ನಾನು, ಆದಿ.”

“ನನಗ್ಯಾಕೆ ಹೇಳ್ಲಿಲ್ಲ?”

“ಬೆಂಕಿ ಹಚ್ಚಿದ್ರೆ ಕೇಸು ಅಂತ ಬೋರ್ಡಿದೆ. ನಿಂಗೆ ಹೇಳೋದೂ ಒಂದೇ, ನಲ್ಲೀಲಿ ಸಾರೋದೂ ಒಂದೇ.”

ಅವಳು ನಗಲಿಲ್ಲ. “ಹೋದ್ವರ್ಷ?”

“ಆರಿಸಿದ್ವಿ ತಾಯಿ. ಆರ್ತು ಅಂತಾನೇ ಬಂದ್ವಿ. ಒಣಸಗಣಿ ಒಳಗೆ ಕೆಂಡ ಕೂತಿತ್ತು. ಮಧ್ಯಾಹ್ನ ಗಾಳಿ ಎದ್ತು.”

“ಕಡ್ಡಿ ಗೀರಿದ್ದು ಯಾರು?”

“ಅವ್ನೇ.”

“ಸತ್ತೋನ ತಲೆಗೆ ಕಟ್ಟೋದು ಸುಲಭ.”

“ನೀನು ಹಿಂಗೇ ಅಂತೀಯ ಅಂತಾನೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಹೇಳ್ಬಿಡೋಣ ಅಂತ ಆದಿ ಎಷ್ಟೋ ಸಲ ಹೊರಟ. ನೀನು ಆಣೆ ಹಾಕ್ಬಿಟ್ಟಿದ್ದೆ. ನನ್ ಹೆಂಡ್ತೀನ ಸುಳ್ಳಿ ಮಾಡ್ಲಾ ಅಂದ.”

ನಂಬಬಾರದು ಎಂದುಕೊಂಡಳು. ಅಷ್ಟರಲ್ಲಿ ಆ ಹುಲ್ಲಿನ ಕಟ್ಟು ನೆನಪಾಯಿತು. ಟವೆಲ್ಲು ಹಿಡಿದ ಕೈ ತಾನಾಗಿ ಸಡಿಲವಾಯಿತು.

ಆವತ್ತೇ ಮಧ್ಯಾಹ್ನ ರಸ್ತೆ ಕಡೆಯಿಂದ ದೊಡ್ಡ ಬೆಂಕಿ ಎದ್ದಿತು. ಯಾರು ಹಚ್ಚಿದರೋ, ಇಂದಿಗೂ ಗೊತ್ತಿಲ್ಲ. ಹೊಗೆಗೆ ಸೂರ್ಯ ತಾಮ್ರದ ಬಿಲ್ಲೆಯಾದ. ಯಶೋದಮ್ಮ ಹಗ್ಗ ಎಳೆದಳು, ಗಂಟು ಬಿಚ್ಚಿಕೊಂಡಿತು. ಹಸುವನ್ನು ಬೀದಿಗೆ ಅಟ್ಟಿ ಖುರ್ಷೀದಾಳ ದೊಡ್ಡಿಗೆ ನುಗ್ಗಿದಳು. ಒಬ್ಬಳು ಕೊಂಬು ಹಿಡಿದು ಎಳೆದಳು, ಇನ್ನೊಬ್ಬಳು ಹಿಂದಿನಿಂದ ನೂಕಿದಳು. ಟಗರುಗಳೆಲ್ಲ ಆಚೆ ಬಂದವು. ತಿರುಗಿ ನೋಡಿದರೆ ಬೆಂಕಿ ಕರಿಪಟ್ಟೆಯವರೆಗೆ ಬಂದು, ಎಡಕ್ಕೆ ಬಲಕ್ಕೆ ಹುಡುಕಾಡಿ, ನಿಂತಲ್ಲೇ ಕುಸಿಯಿತು.

ಖುರ್ಷೀದಾ ಮುಖದ ಮಸಿ ಒರೆಸಿಕೊಂಡಳು.

“ನಿನ್ ಗಂಡ ಇಲ್ದಿದ್ರೂ ದೊಡ್ಡಿವರ್ಗೂ ಬೆಂಕಿ ಬಂತು. ಅವನ ಮೇಲೆ ಸುಮ್ನೆ ಹೊರಿಸ್ಬಿಟ್ಟೆ ಯಶೋದಕ್ಕ. ಮಾಫ್ ಮಾಡು. ನಲ್ಲಿ ಹತ್ರ ಎಲ್ರ ಮುಂದೇನೂ ಹೇಳ್ತೀನಿ.”

ವರ್ಷವಿಡೀ ಕಾದಿದ್ದ ಮಾತು. ಸುಮ್ಮನಿದ್ದರೆ ಸಾಕಿತ್ತು. ಯಶೋದಮ್ಮನ ಕೈ ಬರಿಗೊರಳಿಗೆ ಹೋಯಿತು.

“ಹೇಳ್ಬೇಡ. ಅವ್ರೇ ಹಚ್ಚಿದ್ದು.”

“ಕ್ಯಾ?”

“ನಮ್ ಸಾಲು ಉಳೀಲಿ ಅಂತ ಪಟ್ಟೆ ಸುಡೋಕೆ ಹೋಗಿದ್ರು. ಕೈಮೀರಿ ನಿನ್ ದೊಡ್ಡಿಗೆ ಬಿತ್ತು. ಇವತ್ತು ಬೆಳಗ್ಗೆ ಗೊತ್ತಾಯ್ತು.”

ಖುರ್ಷೀದಾ ದೊಡ್ಡಿಯ ಗೋಡೆ ಕಡೆ ತಿರುಗಿದಳು. “ಗೋಡೆ ಮೇಲಿಂದ ಹುಲ್ಲು ಬೀಳ್ತಿತ್ತಲ್ಲ, ಅದೂ ನಿನ್ ಗಂಡಾನೇನಾ?”

“ಹೂಂ. ನಾನು ಬೇರೆ ಏನೋ ಅಂದ್ಕೊಂಡಿದ್ದೆ.”

“ಮುಕ್ತಾರೂ ಅದನ್ನೇ ಅಂದ್ಕೊಂಡು ನನ್ ಜೊತೆ ಜಗಳ ಆಡಿದ್ದ.” ಅವಳ ತುಟಿ ಒಂದು ಸಲ ನಗುವಿನ ಕಡೆಗೆ ಹೋಗಿ ವಾಪಸಾಯಿತು. “ಹುಲ್ಲು ಹಾಕಿದ್ರೆ ಸತ್ತ ಟಗರು ಎದ್ದು ಬರ್ತದಾ?”

“ಬರಲ್ಲ.”

ಖುರ್ಷೀದಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಯಶೋದಮ್ಮ ಒಂದು ಕೋಲು, ಒಂದು ಬಿಂದಿಗೆ ನೀರು ಹಿಡಿದು ಕರಿಪಟ್ಟೆಗೆ ಇಳಿದಳು. ಮುನಿನಾರಾಯಣಪ್ಪ ದೂರದಿಂದ ಕೂಗಿದ. “ಎಲ್ಲಾ ಆರಿದೆ ಕಣಮ್ಮಾ!” ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಸಗಣಿ ಕಂಡಲ್ಲೆಲ್ಲ ಕೋಲಿನಿಂದ ಮಗುಚಿದಳು. ಒಂದರ ಹೊಟ್ಟೆಯಲ್ಲಿ ಕೆಂಪು ಕಣ್ಣು ಮಿನುಗಿತು. ನೀರು ಸುರಿದಳು. ಚುಂಯ್ ಎಂದಿತು. ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ. ಹೊಗೆಗೆ ಅಂದುಕೊಂಡಳು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಖುರ್ಷೀದಾ ಬಕೆಟ್ಟು ಹಿಡಿದು ನಿಂತಿದ್ದಳು.

“ಸರಿ ಅತ್ಲಾಗೆ. ನನ್ ದೊಡ್ಡಿ ಮುಂದಿಂದು ನಾನೇ ನೋಡ್ತೀನಿ,” ಅಂದಳು. “ನಿಮ್ ಮನೆಯೋರ ಕೈ ನಾನು ನಂಬಲ್ಲ.”